ಎದುರಾಳಿಯ ಮನಸ್ಸು ತಿರುಗುವ ಹೊತ್ತು

ಮಕ್ಕಳು ನೋಡುವ ಕಾರ್ಟೂನುಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡು ಬಗೆಯವು. ಕಣ್ಣು ಕೆಡುತ್ತದೆ, ಓದು ಹಾಳಾಗುತ್ತದೆ ಎಂಬ ಆತಂಕ ಒಂದು ಬಗೆ. ದೀನ್ ಕೆಡುತ್ತದೆ, ಸಂಸ್ಕೃತಿ ಕೆಡುತ್ತದೆ ಎಂಬ ಆತಂಕ ಇನ್ನೊಂದು ಬಗೆ. 2001ರಲ್ಲಿ ಸೌದಿ ಅರೇಬಿಯಾ ಪೋಕೆಮಾನ್ ಆಟವನ್ನೂ ಅದರ ಕಾರ್ಡುಗಳನ್ನೂ ನಿಷೇಧಿಸಿದಾಗ ಎರಡನೆಯ ಆತಂಕಕ್ಕೆ ಅಧಿಕೃತ ಮುದ್ರೆ ಬಿತ್ತು. ಕಾರ್ಡುಗಳ ಆಟದಲ್ಲಿ ಜೂಜಿನ ಅಂಶವಿದೆ ಎಂಬುದು ಅಲ್ಲಿನ ಉಲೇಮಾಗಳ ಆಕ್ಷೇಪಗಳಲ್ಲಿ ಒಂದಾಗಿತ್ತು. ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವಂತಿಲ್ಲ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಈ ಎರಡೂ ಬಗೆಯ ಬರಹಗಳು ಒಂದು ಮುಖ್ಯ ಪ್ರಶ್ನೆಯನ್ನು ಕೇಳುವುದೇ ಇಲ್ಲ: ಆ ಕಾರ್ಟೂನು ಹೇಳುತ್ತಿರುವ ಕಥೆಯಾದರೂ ಏನು? ನಮ್ಮ ಅಜ್ಜಿಯರು ಹೇಳಿದ ಕಥೆಗಳನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಂಡೆವೋ, ಇಂದಿನ ಮಕ್ಕಳು ಈ ಕಥೆಗಳನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹಾಗಿರುವಾಗ ಕಥೆ ಬರೆಯುವವರೂ ಓದುವವರೂ ಅವುಗಳತ್ತ ಒಮ್ಮೆ ಕಣ್ಣು ಹಾಯಿಸುವುದು ತಪ್ಪಲ್ಲ.

ಇಲ್ಲಿ ನಾನು ಎತ್ತಿಕೊಂಡಿರುವುದು 'ಯು-ಗಿ-ಓ' ಎಂಬ ಜಪಾನಿ ಕಥೆ, ಅದರಲ್ಲೂ ಅದರ ಎದುರಾಳಿ ಪಾತ್ರವಾದ ಸೆತೊ ಕೈಬಾ. ಕಝುಕಿ ತಕಾಹಾಶಿ ಎಂಬ ಚಿತ್ರಕಥೆಗಾರ 1996ರಿಂದ 2004ರವರೆಗೆ 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಇದನ್ನು ಧಾರಾವಾಹಿಯಾಗಿ ಬರೆದರು. ಅದನ್ನಾಧರಿಸಿ 2000ದಿಂದ 2004ರವರೆಗೆ ಜಪಾನಿನ ಟಿ.ವಿ.ಯಲ್ಲಿ 224 ಕಂತುಗಳ ಅನಿಮೆ ಬಂತು. 2001ರಲ್ಲಿ ಅಮೆರಿಕದ ಕಂಪನಿಯೊಂದು ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಯುಗಿ ಎಂಬ ಪುಕ್ಕಲು ಹುಡುಗ ಪ್ರಾಚೀನ ಈಜಿಪ್ಟಿನ ಒಂದು ಒಗಟಿನ ಪದಕವನ್ನು ಜೋಡಿಸುತ್ತಾನೆ. ಅದರೊಳಗೆ ಮೂರು ಸಾವಿರ ವರ್ಷಗಳಿಂದ ಸೆರೆಯಾಗಿದ್ದ ಒಬ್ಬ ಫರೋನ ಆತ್ಮ ಅವನಲ್ಲಿ ನೆಲೆಸುತ್ತದೆ. ಮುಂದಿನದೆಲ್ಲ ಕಾರ್ಡುಗಳ ಕಾಳಗ. ಪ್ರತಿ ಕಾರ್ಡಿನಲ್ಲೂ ಒಂದು ಭೂತವೋ ಮಾಂತ್ರಿಕನೋ ಬಲೆಯೋ ಇರುತ್ತದೆ. ಇಬ್ಬರು ಎದುರುಬದುರು ನಿಂತು ಅವನ್ನು ಒಂದೊಂದಾಗಿ ಹೂಡುತ್ತಾರೆ.

ಶೋನೆನ್ ಜಂಪ್ ಪತ್ರಿಕೆಗೆ ಒಂದು ಪ್ರಸಿದ್ಧ ಸೂತ್ರವಿದೆ: ಸ್ನೇಹ, ಪ್ರಯತ್ನ, ಗೆಲುವು. ಅದರ ಕಥೆಗಳಲ್ಲಿ ನಾಯಕ ಗೆಲ್ಲುತ್ತಾನೆ, ಸೋತವನು ನಾಯಕನ ಗೆಳೆಯನಾಗುತ್ತಾನೆ. ಉರ್ದು ಓದಿದವರಿಗೆ ಇದು ಹೊಸದಲ್ಲ. 'ದಾಸ್ತಾನ್-ಎ-ಅಮೀರ್ ಹಮ್ಝಾ'ದಲ್ಲಿ ಹಿಂದ್ ದೇಶದ ಮಹಾಬಲ ಲಂಧೌರ್ ಹಮ್ಝಾನೊಡನೆ ಸೆಣಸಿ ಸೋಲುತ್ತಾನೆ, ಆಮೇಲೆ ಅವನ ಅತ್ಯಂತ ನಿಷ್ಠಾವಂತ ಒಡನಾಡಿಯಾಗುತ್ತಾನೆ. ಲಖನೌದ ನವಲ್ ಕಿಶೋರ್ ಮುದ್ರಣಾಲಯದವರು 46 ಸಂಪುಟಗಳಲ್ಲಿ ಅಚ್ಚು ಹಾಕಿದ ಆ ದಾಸ್ತಾನಿನ ಉದ್ದಕ್ಕೂ ಇಂಥ ಮನಃಪರಿವರ್ತನೆಗಳು ಸಾಲುಗಟ್ಟಿ ಬರುತ್ತವೆ. ಕೇಳುಗನಿಗೆ ಸಂತೋಷವಾಗುತ್ತದೆ. ಆದರೆ ಸೋತವನ ಒಳಗೆ ನಿಜಕ್ಕೂ ಏನು ನಡೆಯಿತು ಎಂಬುದನ್ನು ದಾಸ್ತಾನು ಹೇಳುವುದಿಲ್ಲ. ಬೆನ್ನು ನೆಲಕ್ಕೆ ತಾಗಿತು, ಮನಸ್ಸು ತಿರುಗಿತು, ಅಷ್ಟೇ. ಯು-ಗಿ-ಓದಲ್ಲೂ ಯುಗಿಯನ್ನು ಪೀಡಿಸುತ್ತಿದ್ದ ಜೊನೊಉಚಿ ಮೊದಲಲ್ಲೇ ಅವನ ಆಪ್ತನಾಗುತ್ತಾನೆ. ಕೈಬಾ ಮಾತ್ರ ಈ ಸಾಲಿಗೆ ಸೇರುವುದಿಲ್ಲ. 224 ಕಂತು ಮುಗಿದರೂ ಅವನು ಯುಗಿಯನ್ನು ಗೆಳೆಯ ಎಂದು ಕರೆಯುವುದಿಲ್ಲ. ಆದರೂ ಮೊದಲ ಕಂತಿನ ಕೈಬಾ ಬೇರೆ, ಕೊನೆಯ ಕೈಬಾ ಬೇರೆ. ಈ ವ್ಯತ್ಯಾಸ ಎಲ್ಲಿ ಹುಟ್ಟಿತು ಎಂದು ಹುಡುಕಿದರೆ ಕಥೆಯ ನಿಜವಾದ ಸತ್ವ ಸಿಗುತ್ತದೆ.

ಕೈಬಾ ಯತೀಮ. ತಮ್ಮ ಮೊಕುಬಾನೊಂದಿಗೆ ಅನಾಥಾಲಯದಲ್ಲಿದ್ದವನು. ಗೊಝಬುರೊ ಎಂಬ ಶಸ್ತ್ರಾಸ್ತ್ರ ವ್ಯಾಪಾರಿ ಅಲ್ಲಿಗೆ ಬಂದಾಗ ಅವನನ್ನು ಚದುರಂಗಕ್ಕೆ ಕರೆದು, ಗೆದ್ದರೆ ತಮ್ಮಿಬ್ಬರನ್ನೂ ದತ್ತು ತೆಗೆದುಕೊಳ್ಳಬೇಕೆಂದು ಪಣ ಒಡ್ಡಿ ಗೆದ್ದವನು. ಹೀಗೆ ಆಟದಲ್ಲಿ ಗೆದ್ದು ಪಡೆದ ಮನೆಯಲ್ಲಿ ಅವನಿಗೆ ಸಿಕ್ಕಿದ್ದು ವಾತ್ಸಲ್ಯವಲ್ಲ, ಕಠೋರ ತರಬೇತಿ. ಸೋಲೆಂದರೆ ಸಾವು ಎಂಬ ಪಾಠವನ್ನು ಗೊಝಬುರೊ ಅವನ ತಲೆಗೆ ತುರುಕುತ್ತಾನೆ. ಹುಡುಗ ಅದನ್ನು ಎಷ್ಟು ಚೆನ್ನಾಗಿ ಕಲಿಯುತ್ತಾನೆಂದರೆ, ಷೇರುಗಳ ಲೆಕ್ಕಾಚಾರದಲ್ಲಿ ಆ ಸಾಕುತಂದೆಯನ್ನೇ ಸೋಲಿಸಿ ಕಂಪನಿಯನ್ನು ಕಿತ್ತುಕೊಳ್ಳುತ್ತಾನೆ. ಆಮೇಲೆ ಆ ಕಂಪನಿ ಶಸ್ತ್ರಾಸ್ತ್ರಗಳನ್ನು ಬಿಟ್ಟು ಆಟಿಕೆಗಳನ್ನು ತಯಾರಿಸತೊಡಗುತ್ತದೆ. ಕೇಳಲು ಚೆಂದ. ಆದರೆ ಒಳಗಿನ ಪಾಠ ಹಾಗೇ ಉಳಿದಿದೆ. ಅವನಿಗೆ ಆಟವೂ ಯುದ್ಧವೇ.

ಮೊದಲ ಕಂತಿನಲ್ಲೇ ಇದು ಗೊತ್ತಾಗುತ್ತದೆ. ಲೋಕದಲ್ಲಿ ನಾಲ್ಕೇ ನಾಲ್ಕು ಇರುವ 'ನೀಲಿಗಣ್ಣಿನ ಬಿಳಿ ಡ್ರ್ಯಾಗನ್' ಕಾರ್ಡುಗಳಲ್ಲಿ ಮೂರನ್ನು ಕೈಬಾ ಆಗಲೇ ದಕ್ಕಿಸಿಕೊಂಡಿದ್ದಾನೆ. ನಾಲ್ಕನೆಯದು ಯುಗಿಯ ಅಜ್ಜನ ಬಳಿ ಇದೆ. ಅದು ಹಳೆಯ ಗೆಳೆಯನೊಬ್ಬ ಅವರಿಗೆ ಕೊಟ್ಟದ್ದು. ಕೈಬಾ ಅಜ್ಜನನ್ನು ಸೋಲಿಸಿ, ಕಾರ್ಡನ್ನು ಕಸಿದು, ಅವರ ಕಣ್ಣೆದುರೇ ಹರಿದುಹಾಕುತ್ತಾನೆ. ಒಂದು ಡೆಕ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಆ ನಾಲ್ಕನೆಯದು ಮುಂದೆಂದೂ ತನ್ನ ವಿರುದ್ಧ ಬರಬಾರದು ಎಂಬುದು ಅವನ ಲೆಕ್ಕ. ಅಜ್ಜನಿಗೆ ಸ್ನೇಹದ ನೆನಪಾಗಿದ್ದದ್ದು ಮೊಮ್ಮಗನ ವಯಸ್ಸಿನವನಿಗೆ ಬರೀ ಅಪಾಯವಾಗಿ ಕಾಣುತ್ತದೆ.

ಆಮೇಲೆ ಯುಗಿಯೊಳಗಿನ ಫರೋ ಕೈಬಾನನ್ನು ಸೋಲಿಸುತ್ತಾನೆ. ಸೋಲಿಸಿ ಸುಮ್ಮನಿರುವುದಿಲ್ಲ, ತನ್ನ ಮಾಂತ್ರಿಕ ಶಕ್ತಿಯಿಂದ ಅವನೊಳಗಿನ ಕೆಡುಕನ್ನು ಪುಡಿ ಮಾಡುತ್ತಾನೆ. ಟಿ.ವಿ.ಯಲ್ಲಿ ಇದು ಅರೆನಿಮಿಷದ ಬೆಳಕಿನಾಟ. ಮೂಲ ಚಿತ್ರಕಥೆಯಲ್ಲಿ ಇದರ ಪರಿಣಾಮ ಭಯಂಕರವಾಗಿದೆ. ಒಡೆದುಹೋದ ಮನಸ್ಸಿನ ಚೂರುಗಳನ್ನು ಒಗಟಿನಂತೆ ಒಂದೊಂದಾಗಿ ಜೋಡಿಸಿಕೊಳ್ಳುತ್ತ ಕೈಬಾ ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಪ್ರಜ್ಞೆಯಿಲ್ಲದವನಂತೆ ಕೂತಿರುತ್ತಾನೆ. ತಮ್ಮ ಮೊಕುಬಾ ಕಾವಲಿರುತ್ತಾನೆ. ಒಬ್ಬನ ಮನಸ್ಸನ್ನು ಹೊರಗಿನಿಂದ ಕೈಹಾಕಿ ಶುದ್ಧ ಮಾಡುವ ಈ ಕ್ರಮವನ್ನು ಕಥೆ ಆರಂಭದಲ್ಲಿ ನ್ಯಾಯವೆಂದೇ ತೋರಿಸುತ್ತದೆ. ಆದರೆ ಮುಂದೆ ಅದೇ ಕಥೆ ಇದು ಸಾಲದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಏಕೆಂದರೆ ಎಚ್ಚರಗೊಂಡ ಕೈಬಾ ಸಂತನಾಗಿರುವುದಿಲ್ಲ. ಅಪಹೃತನಾದ ತಮ್ಮನನ್ನು ಬಿಡಿಸಿಕೊಳ್ಳಲು ಅವನು ಪೆಗಾಸಸ್ ಎಂಬ ಧನಿಕನ ಕೋಟೆಗೆ ಹೋಗಬೇಕು. ಹೋಗಲು ಯುಗಿಯನ್ನು ಸೋಲಿಸಬೇಕು. ಸೋಲುವ ಹಂತ ಬಂದಾಗ ಅವನು ಕೋಟೆಗೋಡೆಯ ಅಂಚಿಗೆ ಹೋಗಿ ನಿಂತು, ನೀನು ದಾಳಿ ಮಾಡಿದರೆ ಅದರ ರಭಸಕ್ಕೆ ನಾನು ಕೆಳಗೆ ಬಿದ್ದು ಸಾಯುತ್ತೇನೆ ಎನ್ನುತ್ತಾನೆ. ಫರೋ ದಾಳಿಗೆ ಆಜ್ಞೆ ಮಾಡಿಬಿಡುತ್ತಾನೆ. ತಡೆಯುವವನು ಪುಕ್ಕಲು ಹುಡುಗ ಯುಗಿ. ಅಲ್ಲಿ ಕೈಬಾ ಗೆಲ್ಲುತ್ತಾನೆ, ಯುಗಿ ಅಳುತ್ತಾನೆ.

ಇಡೀ ಕಥೆಯ ಒಳ್ಳೆಯ ಸನ್ನಿವೇಶಗಳಲ್ಲಿ ಇದೂ ಒಂದು. ಕೆಡುಕನ್ನು ಪುಡಿ ಮಾಡುವ ಅಧಿಕಾರ ತನಗಿದೆ ಎಂದುಕೊಂಡಿದ್ದ ಫರೋ ಕೊಲ್ಲಲೂ ಹೇಸದವನಾಗಿ ಕಾಣುತ್ತಾನೆ. ಕೆಟ್ಟವನೆನಿಸಿಕೊಂಡ ಕೈಬಾ ತಮ್ಮನಿಗಾಗಿ ಪ್ರಾಣವನ್ನೇ ಪಣಕ್ಕಿಡುತ್ತಾನೆ. ಒಳ್ಳೆಯವನು ಯಾರು ಎಂದು ಮಗು ಕೇಳಿದರೆ ದೊಡ್ಡವರೂ ತಡವರಿಸಬೇಕಾಗುತ್ತದೆ. ಮನಸ್ಸನ್ನು ಒತ್ತಾಯದಿಂದ ತಿರುಗಿಸಲು ಬರುವುದಿಲ್ಲ ಎಂಬ ಮಾತನ್ನು ಉಪದೇಶವಿಲ್ಲದೆ ಹೇಳುವ ಜಾಗ ಇದು. ಅರಬಿಯಲ್ಲಿ ಹೃದಯಕ್ಕೆ 'ಖಲ್ಬ್' ಎನ್ನುತ್ತಾರೆ, ಆ ಪದದ ಧಾತುವಿಗೆ ತಿರುಗುವುದು, ಮಗುಚುವುದು ಎಂಬ ಅರ್ಥವಿದೆ. 'ತೌಬಾ' ಎಂದರೆ ಮರಳುವುದು. ಎರಡೂ ಆಯಾ ಮನುಷ್ಯನೇ ಮಾಡಬೇಕಾದ ಕ್ರಿಯೆಗಳು. ಯಾರೂ ಇನ್ನೊಬ್ಬರ ಪರವಾಗಿ ತೌಬಾ ಮಾಡಲಾರರು.

ಈಗ ಹಣೆಬರಹದ ವಿಷಯಕ್ಕೆ ಬರೋಣ. ಕಥೆಯ ನಡುಭಾಗದಲ್ಲಿ ಇಶಿಝು ಇಶ್ತಾರ್ ಎಂಬ ಈಜಿಪ್ಟಿನ ಹೆಣ್ಣುಮಗಳು ಬರುತ್ತಾಳೆ. ಅವಳ ಕೊರಳಲ್ಲಿ ಮುಂದಾಗುವುದನ್ನು ತೋರಿಸುವ ಒಂದು ಹಾರವಿದೆ. ಅವಳು ಕೈಬಾನನ್ನು ವಸ್ತುಸಂಗ್ರಹಾಲಯಕ್ಕೆ ಕರೆಸಿ ಒಂದು ಶಿಲಾಫಲಕ ತೋರಿಸುತ್ತಾಳೆ. ಅದರಲ್ಲಿ ಮೂರು ಸಾವಿರ ವರ್ಷ ಹಿಂದಿನ ಒಬ್ಬ ಫರೋ ಮತ್ತು ಒಬ್ಬ ಪುರೋಹಿತ ಎದುರುಬದುರು ನಿಂತಿದ್ದಾರೆ. ಪುರೋಹಿತನ ಮುಖ ಕೈಬಾನದೇ. ಅವನ ಬಳಿ ಇರುವುದು ಬಿಳಿ ಡ್ರ್ಯಾಗನ್. ನಿನ್ನ ಹಗೆ, ನಿನ್ನ ಸ್ಪರ್ಧೆ ಎಲ್ಲವೂ ಮೊದಲೇ ಬರೆದಿಟ್ಟದ್ದು ಎಂಬುದು ಅವಳ ಮಾತಿನ ಸಾರ. ಕೈಬಾ ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾನೆ. ಆದರೆ ಅವಳು ಒಪ್ಪಿಸುವ 'ಒಬೆಲಿಸ್ಕ್' ಎಂಬ ದೇವಕಾರ್ಡನ್ನು ಮಾತ್ರ ತೆಗೆದುಕೊಳ್ಳುತ್ತಾನೆ. ಅದರ ಆಸೆಯಿಂದಲೇ ಊರಿಗೆ ಊರನ್ನೇ ಕಣ ಮಾಡಿ ದೊಡ್ಡ ಪಂದ್ಯ ಏರ್ಪಡಿಸುತ್ತಾನೆ.

ಆ ಪಂದ್ಯದಲ್ಲಿ, ಹಾರುವ ನೌಕೆಯ ಮೇಲೆ, ಇಶಿಝು ಮತ್ತು ಕೈಬಾ ಎದುರಾಗುತ್ತಾರೆ. ಅವಳಿಗೆ ಫಲಿತಾಂಶ ಮೊದಲೇ ಗೊತ್ತು: ಕೈಬಾ ಒಬೆಲಿಸ್ಕನ್ನು ಕರೆಯುತ್ತಾನೆ, ಅದರಿಂದ ದಾಳಿ ಮಾಡುತ್ತಾನೆ, ಅವಳು ಹೂಡಿದ ಬಲೆಗೆ ಬಿದ್ದು ಸೋಲುತ್ತಾನೆ. ಎಲ್ಲವೂ ಅವಳು ಕಂಡಂತೆಯೇ ನಡೆಯುತ್ತ ಬರುತ್ತದೆ. ಒಬೆಲಿಸ್ಕ್ ಎದ್ದು ನಿಂತಿದೆ, ದಾಳಿಯ ಮಾತೊಂದೇ ಬಾಕಿ. ಆ ಕ್ಷಣದಲ್ಲಿ ಕೈಬಾನ ಕಣ್ಮುಂದೆ ಒಂದು ಹಳೆಯ ದೃಶ್ಯ ಸುಳಿಯುತ್ತದೆ. ಸತ್ತ ಒಂದು ಹೆಣ್ಣುಮಗಳು, ಅವಳನ್ನು ಎತ್ತಿಕೊಂಡ ಪುರೋಹಿತ, ಹಿಂದೆ ಬಿಳಿ ಡ್ರ್ಯಾಗನ್. ಅವನು ದಾಳಿಯನ್ನು ತಡೆದು, ತನ್ನ ಕೈಯಲ್ಲಿರುವ ಎಲ್ಲಕ್ಕಿಂತ ಬಲಶಾಲಿಯಾದ ದೇವಕಾರ್ಡನ್ನೇ ಬಲಿಕೊಟ್ಟು, ಅದಕ್ಕಿಂತ ಕಡಿಮೆ ಬಲದ ತನ್ನ ಡ್ರ್ಯಾಗನ್ನನ್ನು ಕರೆಯುತ್ತಾನೆ. ಆಟದ ಲೆಕ್ಕದಲ್ಲಿ ಇದು ಹುಚ್ಚುತನ. ಅದರಿಂದಲೇ ಅವನು ಗೆಲ್ಲುತ್ತಾನೆ. ಕಂಡ ಭವಿಷ್ಯ ಸುಳ್ಳಾಗಿದ್ದಕ್ಕೆ ಇಶಿಝು ದುಃಖಪಡುವುದಿಲ್ಲ, ಹಗುರಾಗುತ್ತಾಳೆ. ತನ್ನ ತಮ್ಮ ಮಲಿಕ್ ಕತ್ತಲಲ್ಲೇ ಕಳೆದುಹೋಗುತ್ತಾನೆ ಎಂದೂ ಆ ಹಾರ ತೋರಿಸಿತ್ತಲ್ಲ, ಇದು ತಪ್ಪಿದರೆ ಅದೂ ತಪ್ಪಬಹುದು! ಅವಳು ಆ ಹಾರವನ್ನು ಕಳಚಿ ಯುಗಿಗೆ ಕೊಟ್ಟುಬಿಡುತ್ತಾಳೆ.

ತಕ್ದೀರ್ ಮತ್ತು ತದ್ಬೀರ್, ಅಂದರೆ ವಿಧಿ ಮತ್ತು ಮನುಷ್ಯಯತ್ನ, ಇವೆರಡರ ಜಗಳ ಮುಸ್ಲಿಮ್ ಚಿಂತನೆಯಲ್ಲಿ ಬಹಳ ಹಳೆಯದು. ಮನುಷ್ಯ ಗಾಳಿಗೆ ಸಿಕ್ಕ ಗರಿಯಂತೆ ಎಂದ ಜಬರಿಯಾಗಳಿದ್ದರು, ಅವನ ಕೃತ್ಯಕ್ಕೆ ಅವನೇ ಕರ್ತೃ ಎಂದ ಖದರಿಯಾಗಳೂ ಮುಅತಝಿಲಾಗಳೂ ಇದ್ದರು. ನಡುವೆ ದಾರಿ ಹುಡುಕಿದ ಅಶ್ಅರಿಗಳು ಕೃತ್ಯವನ್ನು ಸೃಷ್ಟಿಸುವವನು ದೇವರು, ಅದನ್ನು ಗಳಿಸಿಕೊಳ್ಳುವವನು ಮನುಷ್ಯ ಎಂದರು. ಈ ತರ್ಕಗಳಿಗಿಂತ ನನಗೆ ಹತ್ತಿರವಾದದ್ದು ಖಲೀಫಾ ಉಮರ್ ಅವರ ಒಂದು ಪ್ರಸಂಗ. ಶಾಮ್ ದೇಶಕ್ಕೆ ಹೊರಟಿದ್ದ ಅವರು ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ಕೇಳಿ ದಾರಿಯಿಂದಲೇ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂ ಉಬೈದಾ ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಮಗ್ಗುಲು ಹಸಿರಾಗಿದೆ, ಇನ್ನೊಂದು ಬರಡಾಗಿದೆ, ಒಂಟೆ ಮೇಯಿಸುವವನು ಯಾವ ಕಡೆ ಹೋದರೂ ಅದು ದೇವರ ವಿಧಿಯೇ ಎಂದು ವಿವರಿಸಿದರು. ಇಕ್ಬಾಲರು 1930ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಈ ದಿಕ್ಕಿನಲ್ಲೇ ಮುಂದುವರಿದು, ವಿಧಿ ಹೊರಗಿನ ಯಜಮಾನನಂತೆ ನಮ್ಮ ಮೇಲೆ ಹೇರಿದ್ದಲ್ಲ, ವಸ್ತುವಿನ ಒಡಲಲ್ಲೇ ಇರುವ ಸಾಧ್ಯತೆಗಳ ವ್ಯಾಪ್ತಿ ಅದು ಎಂದು ವಾದಿಸಿದರು. ಇಶಿಝುವಿನ ಹಾರ ಬರಡು ಮಗ್ಗುಲನ್ನು ಮಾತ್ರ ತೋರಿಸಿತ್ತು. ಕೈಬಾ ಇನ್ನೊಂದು ಮಗ್ಗುಲಿಗೆ ಹೋದ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಅವನು ಆ ಕಡೆ ಹೋಗಲು ಕಾರಣವಾದದ್ದು ಪೂರ್ವಜನ್ಮದ ದೃಶ್ಯವಲ್ಲವೆ? ಹಾಗಾದರೆ ಒಂದು ವಿಧಿಯನ್ನು ಇನ್ನೊಂದು ವಿಧಿ ಸೋಲಿಸಿತೇ ಹೊರತು ಮನುಷ್ಯ ಗೆದ್ದದ್ದೆಲ್ಲಿ? ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ದೃಶ್ಯ ಏನು ಮಾಡಬೇಕೆಂದು ಅವನಿಗೆ ಹೇಳುವುದಿಲ್ಲ. ಅದು ಬಲದ ಲೆಕ್ಕವನ್ನು ಒಂದು ಗಳಿಗೆ ನಿಲ್ಲಿಸುತ್ತದೆ, ಅಷ್ಟೆ. ಬಲವಾದದ್ದನ್ನು ಬಿಟ್ಟು ಪ್ರಿಯವಾದದ್ದನ್ನು ಆರಿಸಿಕೊಂಡವನು ಕೈಬಾನೇ. ಮೊದಲ ಕಂತಿನಲ್ಲಿ ಅದೇ ಡ್ರ್ಯಾಗನ್ನಿನ ಕಾರ್ಡನ್ನು ಲೆಕ್ಕಾಚಾರದಿಂದ ಹರಿದಿದ್ದ ಕೈ ಇದು. ಈಗ ಲೆಕ್ಕಾಚಾರವನ್ನು ಬದಿಗಿಟ್ಟು ಅದೇ ಕಾರ್ಡನ್ನು ಕರೆಯುತ್ತದೆ. ನನ್ನ ಓದಿನಲ್ಲಿ ಕೈಬಾನ ಮನಸ್ಸು ತಿರುಗಿದ್ದು ಇಲ್ಲಿ. ಫರೋನ ಮಂತ್ರಕ್ಕೆ ಸಾಧ್ಯವಾಗದ್ದು ಅವನ ಸ್ವಂತ ಆಯ್ಕೆಯೊಂದಕ್ಕೆ ಸಾಧ್ಯವಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಧಾರಾವಾಹಿಯ ಕೊನೆಯ ಭಾಗದಲ್ಲಿ ಕಥೆ ನಮ್ಮನ್ನು ಪ್ರಾಚೀನ ಈಜಿಪ್ಟಿಗೆ ಕರೆದೊಯ್ದು ಎಲ್ಲಕ್ಕೂ ವಂಶಾವಳಿ ಬರೆಯಲು ಕೂರುತ್ತದೆ. ಕೈಬಾನ ಪೂರ್ವರೂಪವಾದ ಪುರೋಹಿತ ಸೆತ್ ಫರೋನ ಚಿಕ್ಕಪ್ಪನ ಮಗನೆಂದು ತಿಳಿಯುತ್ತದೆ. ಅವನು ರಾಜರಕ್ತದವನು, ಫರೋನ ನಂತರ ಸಿಂಹಾಸನ ಏರುವವನು. ಬಿಳಿ ಡ್ರ್ಯಾಗನ್ ಕಿಸಾರಾ ಎಂಬ ಪರದೇಶಿ ಹುಡುಗಿಯ ಆತ್ಮ. ಜನ ಅವಳ ಬಿಳಿ ಕೂದಲು, ನೀಲಿ ಕಣ್ಣು ಕಂಡು ಅಪಶಕುನವೆಂದು ಕಲ್ಲು ಹೊಡೆದವರು. ಕಿಸಾರಾಳ ಕಥೆ ಮನಮುಟ್ಟುವಂತಿದೆ. ಆದರೆ ಸೆತ್‌ನ ವಂಶಾವಳಿಯ ಬಗ್ಗೆ ನನಗೆ ತಕರಾರಿದೆ. ಅನಾಥಾಲಯದಿಂದ ಎದ್ದು ಬಂದು, ತನ್ನ ಬುದ್ಧಿಯಿಂದಲೇ ಬದುಕು ಕಟ್ಟಿಕೊಂಡ ಒಬ್ಬ ಹುಡುಗನಿಗೆ ಕಥೆಗಾರ ಕೊನೆಗೂ ಒಂದು ಖಾನ್‌ದಾನ್ ಹುಡುಕಿಕೊಟ್ಟುಬಿಟ್ಟರು. ಅಂದರೆ ಇಷ್ಟು ದೊಡ್ಡ ಎದುರಾಳಿ ಬರೀ ಯತೀಮನಾಗಿರಲು ಸಾಧ್ಯವೇ ಇರಲಿಲ್ಲ ಎಂದಾಯಿತು!

ಇದು ಜಪಾನಿನ ಒಬ್ಬ ಲೇಖಕರ ದೋಷ ಮಾತ್ರವಲ್ಲ. ಕರ್ಣನ ಬಗ್ಗೆ ನಮ್ಮ ಆದಿಕವಿ ಪಂಪನಿಗೆ ಎಷ್ಟು ಅಭಿಮಾನವಿದ್ದರೂ ಅವನ ಹುಟ್ಟಿನ ಗುಟ್ಟು ಕಥೆಯ ಕೊರಳಿಗೆ ಬಿದ್ದೇ ಇದೆ. ಸೂತಪುತ್ರನೆಂದೇ ಉಳಿದ ಕರ್ಣನನ್ನು ಕೊನೆಯವರೆಗೂ ಸಹಿಸಿಕೊಳ್ಳುವ ಧೈರ್ಯ ಆ ಮಹಾಕಥೆಗೂ ಇಲ್ಲ. ನಮ್ಮ ಮನೆಗಳಲ್ಲೂ ನಿಕಾಹಿನ ಮಾತು ಬಂದಾಗ ಹುಡುಗನ ಓದು, ನಡತೆ ಎಲ್ಲ ಕೇಳಿಯಾದ ಮೇಲೆ 'ಖಾನ್‌ದಾನ್ ಯಾವುದು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರವಾದಿಯವರು (ಸ) ಸ್ವತಃ ಯತೀಮರಾಗಿ ಬೆಳೆದವರು ಎಂದು ಮಿಲಾದಿನ ಭಾಷಣಗಳಲ್ಲಿ ಕಣ್ಣೀರು ತರಿಸುವ ನಾವೇ ಮರುದಿನ ಈ ಪ್ರಶ್ನೆ ಕೇಳುತ್ತೇವೆ. ಹೀಗಿರುವಾಗ, ಹುಟ್ಟೇ ಹಣೆಬರಹ ಎಂದು ಹೇಳುವ ಕಥೆಯನ್ನು ಮಕ್ಕಳ ಮುಂದಿಡುವುದು ಸಣ್ಣ ವಿಷಯವಲ್ಲ.

ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ಕಥೆಗಾರರು ಕೊಟ್ಟ ಈ ರಾಜಮರ್ಯಾದೆಯನ್ನು ಪಾತ್ರವೇ ಒಪ್ಪುವುದಿಲ್ಲ. ನಾನು ಯಾವ ಪುರೋಹಿತನೂ ಅಲ್ಲ, ನನ್ನ ದಾರಿ ನನ್ನದು ಎಂಬ ನಿಲುವನ್ನು ಕೈಬಾ ಬಿಡುವುದಿಲ್ಲ. ಬೇರೆ ಪಾತ್ರಗಳು ಅದನ್ನು ಅಹಂಕಾರ ಎನ್ನುತ್ತವೆ. ನನಗೆ ಅದು ಒಬ್ಬ ಯತೀಮನ ಸ್ವಾಭಿಮಾನವಾಗಿ ಕಾಣುತ್ತದೆ. ತಾನು ಸಂಪಾದಿಸದ ಹಿರಿಮೆ ತನಗೆ ಬೇಡ ಎನ್ನುವವನು ಅವನು. ಅಂತಿಮ ಪಂದ್ಯದ ಹೊಸ್ತಿಲಲ್ಲಿ ಯುಗಿಯ ಕೈಯಲ್ಲಿ ಸೋತ ಮೇಲೆ, ಯುಗಿ ಮಲಿಕ್‌ನನ್ನು ಎದುರಿಸಲು ಹೊರಟಾಗ, ಕೈಬಾ ತನ್ನದೊಂದು ಕಾರ್ಡನ್ನು ಅವನಿಗೆ ಕೊಡುತ್ತಾನೆ. ಅದು ಸಾಧಾರಣವಾದ ಒಂದು ಮಾಯಾ ಕಾರ್ಡು. ಕ್ಷಮೆ ಕೇಳುವುದಿಲ್ಲ, ಅಪ್ಪಿಕೊಳ್ಳುವುದಿಲ್ಲ. ಆಮೇಲೆ, ಗೊಝಬುರೊನ ಶಸ್ತ್ರಾಸ್ತ್ರ ಕಾರ್ಖಾನೆಯಿದ್ದ ಆ ದ್ವೀಪವನ್ನು ಸ್ಫೋಟಿಸಿ, ಮಕ್ಕಳಿಗಾಗಿ ಆಟದ ಮೈದಾನಗಳನ್ನು ಕಟ್ಟಲು ತಮ್ಮನೊಂದಿಗೆ ಹೊರಟುಬಿಡುತ್ತಾನೆ. ಹಳೆಯ ಯಜಮಾನನ ನೆಲವನ್ನು ತನ್ನ ಕೈಯಾರೆ ಒಡೆದುಹಾಕುವುದಕ್ಕಿಂತ ದೊಡ್ಡ ತೌಬಾ ಅವನಿಗೆ ಗೊತ್ತಿರಲಿಲ್ಲ.

ಕನ್ನಡ ಓದುಗರಿಗೆ ಇಲ್ಲಿ ನಾಗಚಂದ್ರನ ರಾವಣ ನೆನಪಾಗಬಹುದು. 'ಪಂಪರಾಮಾಯಣ'ವೆಂದು ಹೆಸರಾದ ಆ ಜೈನ ಕಾವ್ಯದಲ್ಲಿ, ರಾಮನ ಪ್ರಾಣಕ್ಕಾಗಿ ಮೊರೆಯಿಟ್ಟು ಮೂರ್ಛೆ ಹೋದ ಸೀತೆಯನ್ನು ಕಂಡು ರಾವಣನ ಮನಸ್ಸು ಪೂರ್ತಿ ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ನಗುತ್ತದೆ, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಮನಸ್ಸು ಬದಲಾಗಿದೆ, ಮಾನ ಅಡ್ಡ ನಿಂತಿದೆ. ಅವನು ಯುದ್ಧದಲ್ಲಿ ಸಾಯುತ್ತಾನೆ. ಕೈಬಾನಿಗೂ ಮಾನದ ರೋಗವಿದೆ. ವ್ಯತ್ಯಾಸವೆಂದರೆ ಅವನು ಸೋತ ಮೇಲೂ ಬದುಕುತ್ತಾನೆ, ಸೋಲೆಂದರೆ ಸಾವು ಎಂಬ ಗೊಝಬುರೊನ ಪಾಠವನ್ನು ಬದುಕಿಯೇ ಸುಳ್ಳು ಮಾಡುತ್ತಾನೆ.

ಮೆಚ್ಚುಗೆಯ ಜತೆಗೆ ಕೆಲವು ಆಕ್ಷೇಪಗಳನ್ನೂ ಹೇಳಬೇಕು. ಈ ಕಥೆಯಲ್ಲಿ ಈಜಿಪ್ಟ್ ಇದೆ, ಈಜಿಪ್ಟಿನ ಜನರಿಲ್ಲ. ಫರೋಗಳು, ಗೋರಿಗಳು, ಶಾಪಗಳು ಇವೆ. ಕೈರೋದ ಗಲ್ಲಿ, ಅಝಾನ್, ಚಹಾದಂಗಡಿ ಯಾವುದೂ ಕಥೆಗೆ ಬೇಕಾಗಿಲ್ಲ. ಇಂದಿನ ಈಜಿಪ್ಟಿನವರೆಂದು ಪ್ರಧಾನವಾಗಿ ಕಾಣುವ ಇಶ್ತಾರ್ ಕುಟುಂಬ ಫರೋನ ಗೋರಿಯನ್ನು ಕಾಯುತ್ತ ತಲೆತಲಾಂತರದಿಂದ ನೆಲದಡಿಯಲ್ಲೇ ಬದುಕಿದೆ. ಮಲಿಕ್ ಎಂಬ ಹೆಸರು ಅರಬಿಯದು, ರಿಶಿದ್ ಎಂಬುದು ರಶೀದನನ್ನು ನೆನಪಿಸುತ್ತದೆ, ಇಶ್ತಾರ್ ಮಾತ್ರ ಈಜಿಪ್ಟಿನದ್ದೇ ಅಲ್ಲ, ಮೆಸೊಪೊಟೇಮಿಯಾದ ದೇವತೆಯದು. ಪೂರ್ವ ದೇಶಗಳನ್ನು ಒಂದೇ ಮೂಟೆಗೆ ಕಟ್ಟುವ ಚಾಳಿ ಯುರೋಪಿನವರದು ಎಂದು ನಾವು ದೂರುತ್ತಿದ್ದೆವು. ಅದು ಜಪಾನಿನವರಿಗೂ ಅಂಟಿದೆ. ಹಾಗಿದ್ದರೂ ಈ ಕುಟುಂಬದಲ್ಲೇ ರಿಶಿದ್ ಎಂಬ ಅಪರೂಪದ ಪಾತ್ರವಿದೆ. ಅವನು ಬಾವಿಯ ಬಳಿ ಸಿಕ್ಕ ಕೂಸು, ಮನೆಯೊಡತಿ ಸಾಕಿದವನು, ಮನೆಯೊಡೆಯ ಮಗನೆಂದು ಒಪ್ಪದವನು. ಮಲಿಕ್‌ನ ಬೆನ್ನಿನ ಮೇಲೆ ಚಾಕುವಿನಿಂದ ಗುಪ್ತಲಿಪಿ ಕೊರೆಯುವ ಕುಲಾಚಾರದ ನೋವನ್ನು ತಾನೇ ಹೊರುತ್ತೇನೆಂದು ಬೇಡಿದವನು. ಅದನ್ನು ನಿರಾಕರಿಸಿದಾಗ ತನ್ನ ಮುಖಕ್ಕೇ ಲಿಪಿ ಕೊರೆದುಕೊಂಡವನು. ಕೈಬಾನಿಗೆ ಕೊಟ್ಟ ರಾಜರಕ್ತವನ್ನು ಕಥೆಗಾರರು ರಿಶಿದ್‌ಗೆ ಕೊಡಲಿಲ್ಲ. ಕೊನೆಯವರೆಗೂ ಅವನು ಹೆತ್ತವರು ಯಾರೆಂದು ತಿಳಿಯದವನೇ. ಆದರೂ ಮಲಿಕ್ ಅವನನ್ನು ಅಣ್ಣ ಎನ್ನುತ್ತಾನೆ. ಮಲಿಕ್ ಕೊನೆಗೆ ತಾನಾಗಿ ಸೋಲೊಪ್ಪಿಕೊಂಡು ತನ್ನೊಳಗಿನ ಕತ್ತಲನ್ನು ಕಳೆದುಕೊಳ್ಳುವುದು ಈ ಅಣ್ಣನ ಬಲದಿಂದಲೇ.

ಇನ್ನು ಜೂಜಿನ ಆಕ್ಷೇಪ. ತಕಾಹಾಶಿಯವರು ತಮ್ಮ ಕಥೆಯಲ್ಲಿ ಈ ಆಟವನ್ನು ತಂದದ್ದು 1993ರಲ್ಲಿ ಅಮೆರಿಕದಲ್ಲಿ ಬಂದ 'ಮ್ಯಾಜಿಕ್' ಎಂಬ ಕಾರ್ಡ್ ಆಟದ ಸ್ಫೂರ್ತಿಯಿಂದ. ಓದುಗರು ಮುಗಿಬಿದ್ದು ಮೆಚ್ಚಿದ್ದರಿಂದ ಅದೇ ಕಥೆಯ ಮೈಯೆಲ್ಲ ಆಯಿತು. 1999ರಲ್ಲಿ ಕೊನಾಮಿ ಕಂಪನಿ ನಿಜವಾದ ಕಾರ್ಡುಗಳನ್ನು ಮಾರಲು ತೊಡಗಿತು. 2009ರ ಹೊತ್ತಿಗೆ 2200 ಕೋಟಿಗೂ ಹೆಚ್ಚು ಕಾರ್ಡುಗಳು ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. ಕಾರ್ಡುಗಳು ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ. ಒಳಗೆ ಯಾವುದಿದೆ ಎಂದು ಕೊಳ್ಳುವ ಮಗುವಿಗೆ ಗೊತ್ತಿರುವುದಿಲ್ಲ. ಅಪರೂಪದ್ದು ಸಿಗಲಿ ಎಂದು ಮತ್ತೊಂದು ಕೊಳ್ಳುತ್ತದೆ. ಉಲೇಮಾಗಳ ಆತಂಕಕ್ಕೆ ಇಲ್ಲಿ ಆಧಾರವಿದೆ ಎಂದೇ ನನಗನಿಸುತ್ತದೆ. ಅಜ್ಜ ತನ್ನ ಕಾರ್ಡನ್ನು ಎಷ್ಟು ಹಣಕ್ಕೂ ಮಾರುವುದಿಲ್ಲ ಎಂದು ಕಥೆ ಹೇಳುತ್ತದೆ. ಕಂಪನಿ ಅದೇ ಕಾರ್ಡಿನ ಚಿತ್ರ ತೋರಿಸಿ ಪೊಟ್ಟಣ ಮಾರುತ್ತದೆ. ಎದುರಾಳಿಯ ಹೃದಯ ಪರಿವರ್ತನೆಯಾದ ಮೇಲೂ ಅವನ ಡ್ರ್ಯಾಗನ್ನಿನ ಬೆಲೆ ಇಳಿಯಲಿಲ್ಲ. ಮಕ್ಕಳಿಗೆ ಕಥೆಯನ್ನೂ ಅಂಗಡಿಯನ್ನೂ ಬೇರೆ ಮಾಡಿ ತೋರಿಸುವ ಕೆಲಸ ದೊಡ್ಡವರದು. ಎರಡನ್ನೂ ಒಟ್ಟಿಗೆ ನಿಷೇಧಿಸುವುದು ಸುಲಭ, ಅದರಿಂದ ಮಗು ಏನನ್ನೂ ಕಲಿಯುವುದಿಲ್ಲ.

ಈ ಸರಣಿಯ ಮುಂದುವರಿಕೆಯಾಗಿ 2004ರಿಂದ 2008ರವರೆಗೆ ಬಂದ 'ಜಿಎಕ್ಸ್'ನಲ್ಲಿ ಹಣೆಬರಹದ ವಸ್ತು ಇನ್ನೂ ನೇರವಾಗಿ ಬರುತ್ತದೆ. ಅಲ್ಲಿನ ಎದುರಾಳಿ ಎಡೊ ಫೀನಿಕ್ಸ್‌ನ ಕಾರ್ಡುಗಳ ಹೆಸರೇ 'ಡೆಸ್ಟಿನಿ ಹೀರೊ'. ತಂದೆಯ ಕೊಲೆಗಾರನನ್ನು ಹುಡುಕುತ್ತಿರುವ ಅವನು ಸಾಯೊ ಎಂಬ ಭವಿಷ್ಯಗಾರನ ಮಾತನ್ನು ಕಣ್ಣುಮುಚ್ಚಿ ನಂಬಿರುತ್ತಾನೆ. ತನ್ನನ್ನು ಸಾಕಿದವನೇ ಕೊಲೆಗಾರ ಎಂದು ತಿಳಿದ ಮೇಲೆ ಅವನ ನಂಬಿಕೆಗಳೆಲ್ಲ ಅಲ್ಲಾಡುತ್ತವೆ, ಕೊನೆಗೆ ವಿಧಿಯ ವಕ್ತಾರನಾದ ಸಾಯೊನ ವಿರುದ್ಧವೇ ನಿಲ್ಲುತ್ತಾನೆ. ಕಥೆ ಬಿಗಿಯಾಗಿದೆ. ಆದರೆ ಇಲ್ಲಿ ಎಲ್ಲವನ್ನೂ ಮಾತಿನಲ್ಲೇ ಹೇಳಿಸಲಾಗಿದೆ. ಕೈಬಾ ಒಂದು ಕಾರ್ಡನ್ನು ಬಲಿಕೊಟ್ಟು ಮಾಡಿ ತೋರಿಸಿದ್ದನ್ನು ಎಡೊ ಭಾಷಣದಲ್ಲಿ ವಿವರಿಸಬೇಕಾಗಿ ಬಂದಿದೆ.

2016ರಲ್ಲಿ ತಕಾಹಾಶಿಯವರೇ ಕಥೆ ಬರೆದ ಚಲನಚಿತ್ರವೊಂದು ಬಂತು. ಫರೋನ ಆತ್ಮ ಪರಲೋಕಕ್ಕೆ ಹೋಗಿಯಾಗಿದೆ. ಕೈಬಾ ಮಾತ್ರ ಅವನನ್ನು ಬಿಡಲಾರ. ಪದಕದ ಚೂರುಗಳನ್ನು ನೆಲದಾಳದಿಂದ ಅಗೆಸಿ ತೆಗೆಸುತ್ತಾನೆ, ಕೊನೆಗೆ ಯಂತ್ರವೊಂದರಲ್ಲಿ ಪರಲೋಕಕ್ಕೇ ಹೋಗಿ ಸಿಂಹಾಸನದ ಮೇಲಿನ ಫರೋನ ಎದುರು ನಿಲ್ಲುತ್ತಾನೆ. ಹಲವರಿಗೆ ಇದು ವೀರಾವೇಶವಾಗಿ ಕಂಡಿತು. ನನಗೆ ಖೇದವೆನಿಸಿತು. ಮನಸ್ಸು ತಿರುಗಿದ ಮಾತ್ರಕ್ಕೆ ಗಾಯ ಮಾಯುವುದಿಲ್ಲ ಎಂದು ಲೇಖಕರಿಗೆ ತಿಳಿದಿತ್ತು. ತನ್ನನ್ನು ಸೋಲಿಸಿದ ಆ ವ್ಯಕ್ತಿಯಲ್ಲದೆ ಇನ್ನಾರೂ ತನ್ನನ್ನು ಅರಿಯಲಿಲ್ಲ ಎಂದುಕೊಂಡವನ ಒಂಟಿತನ ಅದು. ಅವನ ಪಕ್ಕದಲ್ಲೇ ಇಷ್ಟು ವರ್ಷ ನಿಂತಿದ್ದ ತಮ್ಮ ಮೊಕುಬಾನನ್ನು ಇಲ್ಲೇ ಬಿಟ್ಟು ಹೋಗುತ್ತಾನೆ ಎಂಬುದನ್ನು ನೋಡುಗರು ಮರೆಯಬಾರದು.

ತಕಾಹಾಶಿ 2022ರ ಜುಲೈಯಲ್ಲಿ ಓಕಿನಾವಾದ ನಾಗೊ ಕಡಲಲ್ಲಿ ತೀರಿಕೊಂಡರು. ಆಗ ಅವರಿಗೆ 60 ವರ್ಷ. ಅಲೆಗಳಿಗೆ ಸಿಕ್ಕವರನ್ನು ಉಳಿಸಲು ನೆರವಾಗಲೆಂದು ನೀರಿಗಿಳಿದಿದ್ದರು ಎಂಬ ವರದಿ ಕೆಲವು ತಿಂಗಳ ನಂತರ ಬಂತು. ಅವರು ಬಿಟ್ಟುಹೋದ ಪಾತ್ರಗಳಲ್ಲಿ ಯುಗಿಯನ್ನು ಮೆಚ್ಚುವವರೇ ಹೆಚ್ಚು. ನಾನು ಮಕ್ಕಳ ಗಮನವನ್ನು ಕೈಬಾನ ಕಡೆಗೆ ತಿರುಗಿಸಲು ಬಯಸುತ್ತೇನೆ. ಒಳ್ಳೆಯವರಾಗಿ ಹುಟ್ಟಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆಟ್ಟ ಪಾಠ ಕಲಿತು ಬೆಳೆದವನು ಅದನ್ನು ಅರ್ಧ ಮರೆತು, ಅರ್ಧ ಹೊತ್ತುಕೊಂಡೇ ಮುಂದೆ ನಡೆಯುವ ಕಥೆಗಳು ಕಡಿಮೆ. ಮನೆಯಲ್ಲಿ ಮಕ್ಕಳು ಈ ಧಾರಾವಾಹಿ ನೋಡುತ್ತಿದ್ದರೆ ಗದರಿಸುವ ಮುನ್ನ ಇಶಿಝು ಮತ್ತು ಕೈಬಾರ ಆ ಕಾಳಗದ ಕಂತುಗಳನ್ನಾದರೂ ಪಕ್ಕದಲ್ಲಿ ಕೂತು ನೋಡಿ. ಆಮೇಲೆ, ಅವನು ದೇವಕಾರ್ಡನ್ನು ಯಾಕೆ ಬಿಟ್ಟುಕೊಟ್ಟ ಎಂದು ಮಕ್ಕಳನ್ನೇ ಕೇಳಿ. ಅವರ ಉತ್ತರ ನನ್ನ ಉತ್ತರಕ್ಕಿಂತ ಚೆನ್ನಾಗಿಯೇ ಇರಬಹುದು.